ಎಳೆಯ ಮಕ್ಕಳ ತೂಕ ಮತ್ತು ಊಟದ ಬಗ್ಗೆ
ಶಿರಸಿಯ ಮಳೆಗಾಲದಲ್ಲಿ ತುಸು ಕಷ್ಟವಾದರೂ, ಪ್ರತಿ ತಿಂಗಳೂ ಅಂಗನವಾಡಿಯಲ್ಲಿ ಮಗುವಿನ ಸ್ವೆಟರ್, ಟೊಪ್ಪಿ ತೆಗೆದು ತೂಕ ನೋಡಿಸಿ, ತಾಯಿ ಕಾರ್ಡಿನ ಬೆಳವಣಿಗೆ ನಕ್ಷೆಯಲ್ಲಿ ಗುರುತು ಹಾಕಿಸಿಕೊಳ್ಳಿ ಎಂದು ಎಲ್ಲ ತಾಯಂದಿರಲ್ಲಿ ವಿನಂತಿಸುತ್ತೇನೆ. ಯಾವುದೋ ಒಂದು ತಿಂಗಳ ತೂಕ ಎಷ್ಟಿದೆ ಎಂಬುದಕ್ಕಿಂತ, ನಕ್ಷೆಯ ಗೆರೆ ಮೇಲೇರುತ್ತಿದೆಯೇ ಎಂಬುದೇ ಮುಖ್ಯ. ಅದು ಸಮತಟ್ಟಾದರೆ ವೈದ್ಯರಿಗೆ ತೋರಿಸಬೇಕು. ನಮ್ಮ ಮಗಳಿಗೀಗ 10 ತಿಂಗಳು; ಕಂಬ ಹಿಡಿದು ನಿಲ್ಲುತ್ತಾಳೆ, ಬೇಯಿಸಿದ ಸಿಹಿಗುಂಬಳದ ಮೆತ್ತನೆಯ ಚೂರನ್ನು ಹೆಬ್ಬೆರಳು, ತೋರುಬೆರಳಿನ ತುದಿಯಲ್ಲಿ ಹಿಡಿದು ತಾನೇ ಬಾಯಿಗಿಡುತ್ತಾಳೆ. ರಾಗಿ ಮಣ್ಣಿಯನ್ನು ಚಮಚದಿಂದ ಜಾರದಷ್ಟು ಗಟ್ಟಿಯಾಗಿ ಕಾಸಿ, ತುಪ್ಪ ಬೆರೆಸಿ ಕೊಡುತ್ತೇವೆ. ನೀರಾದರೆ ಹೊಟ್ಟೆ ತುಂಬುತ್ತದೆಯೇ ಹೊರತು ಮೈಗೆ ಹತ್ತುವುದಿಲ್ಲ. ನಮ್ಮ ಕಡೆ ಹಿರಿಯರು ಪ್ರೀತಿಯಿಂದ ಜೇನುತುಪ್ಪ ನೆಕ್ಕಿಸುವುದುಂಟು. ಆದರೆ ಬೊಟುಲಿಸಂ ಎಂಬ ಗಂಭೀರ ಕಾಯಿಲೆಯ ಅಪಾಯವಿರುವುದರಿಂದ ವರ್ಷ ತುಂಬುವವರೆಗೆ ಅದನ್ನು ಕೊಡಲೇಬೇಡಿ.