ಮರುವಾಯಿಯೊಳಗೆ ಪಾಚಿಯ ವಿಷ ಸೇರುವ ಬಗೆ

1983ರಲ್ಲಿ ಮಂಗಳೂರಿನ ದಕ್ಷಿಣಕ್ಕಿರುವ ಕುಂಬಳೆಯ ಅಳಿವೆಯಲ್ಲಿ ಹೆಕ್ಕಿದ ಮರುವಾಯಿ ಎಂಬ ಚಿಪ್ಪುಜೀವಿಯನ್ನು ತಿಂದು ಹಲವರು ಅಸ್ವಸ್ಥರಾದರು. ಒಬ್ಬ ಬಾಲಕ ತೀರಿಕೊಂಡ. ಚಿಪ್ಪು ಹಳಸಿ ಆದ ಅನಾಹುತ ಅದಲ್ಲ. ನರಗಳ ಸಂದೇಶವನ್ನೇ ತಡೆದು ಉಸಿರಾಟದ ಸ್ನಾಯುಗಳನ್ನು ನಿಲ್ಲಿಸಬಲ್ಲ ಸ್ಯಾಕ್ಸಿಟಾಕ್ಸಿನ್ ಗುಂಪಿನ ವಿಷ ಅದಕ್ಕೆ ಕಾರಣವಾಗಿತ್ತು. ಮರುವಾಯಿ ಈ ವಿಷವನ್ನು ತಾನಾಗಿ ತಯಾರಿಸುವುದಿಲ್ಲ.

ಮೊದಲ ಹಂತ ನಡೆಯುವುದು ನೀರಿನಲ್ಲಿ. ಈ ವಿಷವನ್ನು ತಯಾರಿಸುವ ಅಲೆಕ್ಸಾಂಡ್ರಿಯಂ ಕುಲದ ಕೆಲವು ಏಕಕೋಶ ಪಾಚಿಗಳು ತಳದ ಕೆಸರಿನಲ್ಲಿ ಗಟ್ಟಿ ಕವಚ ತೊಟ್ಟು ತಿಂಗಳುಗಟ್ಟಲೆ ಮಲಗಿದ್ದು, ಬಿಸಿಲು, ಉಷ್ಣತೆ ಮತ್ತು ಪೋಷಕಾಂಶ ಹದವಾಗಿ ಕೂಡಿಬಂದಾಗ ಎದ್ದು ವೃದ್ಧಿಯಾಗುತ್ತವೆ. ಪಾಚಿ ದಟ್ಟವಾಗಿ ನೀರು ಕೆಂಪಾದರೆ ಮಾತ್ರ ಅಪಾಯ ಎಂಬ ನಂಬಿಕೆ ತಪ್ಪು. ಲೀಟರಿಗೆ ಕೆಲವೇ ಸಾವಿರ ಕೋಶಗಳಿದ್ದು ನೀರು ತಿಳಿಯಾಗಿ ಕಾಣುವಾಗಲೂ ಚಿಪ್ಪುಜೀವಿಗಳಲ್ಲಿ ವಿಷ ಏರಬಲ್ಲದು.

ಮುಂದಿನದು ಸೋಸುವಿಕೆ. ಮರುವಾಯಿಯೂ ಅದರಂತೆಯೇ ಜೋಡಿಚಿಪ್ಪಿನ ಜೀವಿಯಾದ ಪಚ್ಚಿಲೆಯೂ ನೀರನ್ನು ಒಳಗೆಳೆದು, ಕಿವಿರುಗಳ ಮೇಲಿನ ಸೂಕ್ಷ್ಮ ರೋಮಗಳಿಂದ ಆಹಾರದ ಕಣಗಳನ್ನು ಹಿಡಿದು, ಉಳಿದ ನೀರನ್ನು ಹೊರಬಿಡುತ್ತವೆ. ಬೆಳೆದ ಪಚ್ಚಿಲೆಯೊಂದು ಗಂಟೆಗೆ ಕೆಲವು ಲೀಟರ್ ನೀರನ್ನು ಹೀಗೆ ಸೋಸುವುದರಿಂದ, ಸಮುದ್ರದಲ್ಲಿ ಚದುರಿದ್ದ ವಿಷ ಅದರ ಹಿಡಿಯಷ್ಟೂ ಇಲ್ಲದ ಮಾಂಸದಲ್ಲಿ ಒಟ್ಟುಗೂಡುತ್ತದೆ.

ಪಾಚಿಯ ಕೋಶಗಳು ಒಡೆಯುವುದು ಪಚನಗ್ರಂಥಿಯಲ್ಲಿ. ಬಹುಪಾಲು ವಿಷ ಉಳಿಯುವುದೂ ಅಲ್ಲಿಯೇ. ಲೆಕ್ಕ ಸರಳ: ಒಳಬರುವ ವೇಗ ಹೊರಹೋಗುವ ವೇಗವನ್ನು ಮೀರಿದಷ್ಟು ದಿನವೂ ಪ್ರಮಾಣ ಏರುತ್ತಲೇ ಇರುತ್ತದೆ. ಚಿಪ್ಪುಜೀವಿಯ ನರಗಳು ಈ ವಿಷಕ್ಕೆ ನಮ್ಮಷ್ಟು ಬೇಗ ಸೋಲದ ಕಾರಣ ಅದು ಸಾಯದೆ ತಿನ್ನುತ್ತಲೇ ಹೋಗುತ್ತದೆ. ಮಾರುಕಟ್ಟೆಯಲ್ಲಿ ಜೀವಂತವಾಗಿ, ತಾಜಾ ಆಗಿಯೇ ಕಾಣಿಸುತ್ತದೆ.

ನೀರಿನಿಂದ ಪಾಚಿ ಮರೆಯಾದ ಮೇಲೆ ವಿಷ ಇಳಿಯುವ ವೇಗ ಜಾತಿಯನ್ನು ಅವಲಂಬಿಸಿದೆ. ಪಚ್ಚಿಲೆಯ ಬಳಗಕ್ಕೆ ಕೆಲವು ವಾರ ಸಾಕಾಗಬಹುದು. ಉತ್ತರ ಅಮೆರಿಕದ ಪಶ್ಚಿಮ ತೀರದ ಬಟರ್ ಕ್ಲಾಮ್ ಎಂಬ ಚಿಪ್ಪುಜೀವಿ ಎರಡು ವರ್ಷದವರೆಗೂ ಅದನ್ನು ಹಿಡಿದಿಟ್ಟುಕೊಳ್ಳಬಲ್ಲದು.

ಅಡುಗೆಮನೆಯಲ್ಲಿ ಇದಕ್ಕೆ ಪರಿಹಾರವಿಲ್ಲ. ಕುದಿಸಿದರೆ ವಿಷ ನಾಶವಾಗದು, ಸ್ವಲ್ಪ ಭಾಗ ಸಾರಿಗೆ ಇಳಿಯುತ್ತದೆಯಷ್ಟೆ. ಚಿಪ್ಪನ್ನು ಶುದ್ಧ ನೀರಿನಲ್ಲಿ ಒಂದೆರಡು ದಿನ ಇಟ್ಟರೆ ಮರಳೂ ಹಲವು ಬ್ಯಾಕ್ಟೀರಿಯಗಳೂ ಹೋದಾವು, ಈ ವಿಷ ಅಷ್ಟರಲ್ಲಿ ಹೋಗದು. ಆದ್ದರಿಂದಲೇ ಹಲವು ದೇಶಗಳು ಮಾಂಸವನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿ, ಪ್ರಮಾಣ ಕಿಲೋಗೆ 800 ಮೈಕ್ರೋಗ್ರಾಂ ದಾಟಿದರೆ ಆ ಭಾಗದಲ್ಲಿ ಚಿಪ್ಪು ಹೆಕ್ಕುವುದನ್ನೇ ನಿಲ್ಲಿಸುತ್ತವೆ.