ಹಲ್ಲಿಗೆ ಫಿಲ್ಲಿಂಗ್ ಆದ ಮೇಲೆ ಕಚ್ಚಿದರೆ ನೋವೇ? ಜುಮ್ಮೆನ್ನುತ್ತದೆಯೇ?

ಬದಿಯಡ್ಕದಿಂದ ಸಂಜೆಯ ಬಸ್ಸು ಹತ್ತಿದಾಗ ನನ್ನ ಬಲಗೆನ್ನೆ ಇನ್ನೂ ಮರಗಟ್ಟಿತ್ತು. ಕೆಳದವಡೆಯ ದೊಡ್ಡ ಹಲ್ಲಿನ ತೂತಿಗೆ ಆಗಷ್ಟೇ ಸಿಮೆಂಟು ಹಾಕಿಸಿದ್ದೆ. "ಕಚ್ಚಿ ನೋಡಿ, ಸರಿ ಇದೆಯಾ?" ಎಂದು ಡಾಕ್ಟರು ಕೇಳಿದ್ದರು. ಸರಿ ಇದೆ ಎಂದಿದ್ದೆ. ತುಟಿ, ನಾಲಗೆ ಯಾವುದೂ ನನ್ನದಲ್ಲ ಅನ್ನುವಂತಿದ್ದಾಗ ಸರಿಯೋ ತಪ್ಪೋ ಗೊತ್ತಾಗುವುದು ಹೇಗೆ? ರಾತ್ರಿ ಗಂಜಿಯ ಜೊತೆ ಒಂದು ತುಂಡು ಹಲಸಿನ ಹಪ್ಪಳ ಬಾಯಿಗಿಟ್ಟೆ. ಬೇರೆ ಹಲ್ಲುಗಳು ಸೇರುವ ಮೊದಲೇ ಆ ಒಂದು ಹಲ್ಲು ತಾಗಿತು. ಅನ್ನದಲ್ಲಿ ಕಲ್ಲು ಸಿಕ್ಕಿದ ಹಾಗೆ.

ಮರುದಿನ ಫೋನ್ ಮಾಡಿದೆ. "ಅಭ್ಯಾಸ ಆಗುತ್ತದೆ, ಸ್ವಲ್ಪ ದಿನ ನೋಡಿ" ಎಂದರು. ಮೂರು ವಾರ ನೋಡಿದೆ. ಎಡಗಡೆಯಿಂದಲೇ ಅಗಿದು ಅಗಿದು ಕೊನೆಗೆ ಎಡದವಡೆಯೂ ನೋಯತೊಡಗಿತು. ಬೇರೆ ಡಾಕ್ಟರ ಹತ್ತಿರ ಹೋದಾಗ, ಎತ್ತರ ಉಳಿದಿದ್ದ ಸಿಮೆಂಟನ್ನು ಉಜ್ಜಿ ತಗ್ಗಿಸುವುದು ಐದು ನಿಮಿಷದ ಕೆಲಸ. ಇಂಜೆಕ್ಷನ್ ಕೂಡ ಬೇಕಾಗಲಿಲ್ಲ. ಆ ಮೂರು ವಾರ ಸುಮ್ನೆ ನೋವು ತಿಂದೆನಲ್ಲ ಎಂಬ ಬೇಸರ ಇನ್ನೂ ಹೋಗಿಲ್ಲ. ನಿಮಗೆ ಹಾಗಾಗಬಾರದು ಎಂದು ಇದನ್ನು ಬರೆಯುತ್ತಿದ್ದೇನೆ.

ಎರಡು ನೋವು, ಎರಡು ಕಾರಣ

ಕಚ್ಚಿದಾಗ ನೋಯುವುದು ಬೇರೆ, ತಣ್ಣೀರು ತಾಗಿದರೆ ಜುಮ್ಮೆನ್ನುವುದು ಬೇರೆ. ಇವೆರಡನ್ನು ಬೇರೆ ಮಾಡಿಕೊಂಡರೆ ಅರ್ಧ ಕೆಲಸ ಮುಗಿದಂತೆ.

ಹಲ್ಲು ಎಲುಬಿಗೆ ನೇರವಾಗಿ ಅಂಟಿಕೊಂಡಿಲ್ಲ. ಬೇರಿನ ಸುತ್ತ ತೆಳುವಾದ ನಾರಿನ ಪದರ ಇದೆ. ಕಚ್ಚುವಾಗ ಬೀಳುವ ಒತ್ತಡವನ್ನು ಅದು ತಾಳಿಕೊಳ್ಳುತ್ತದೆ. ಒತ್ತಡ ಎಷ್ಟು ಎಂದು ಅಳೆಯುವ ನರಗಳೂ ಅದರಲ್ಲೇ ಇವೆ. ಹಲ್ಲುಗಳ ನಡುವೆ ಒಂದು ಕೂದಲೆಳೆ ಸಿಕ್ಕಿದರೂ ನಮಗೆ ಕೂಡಲೇ ಗೊತ್ತಾಗುತ್ತದೆ, ಅಲ್ವಾ? ಆದ್ದರಿಂದ ಫಿಲ್ಲಿಂಗ್ ಕೂದಲಿನಷ್ಟು ಎತ್ತರ ಉಳಿದರೂ ಸಾಕು. ಪ್ರತಿ ಸಲ ಬಾಯಿ ಮುಚ್ಚಿದಾಗ ಮೊದಲ ಪೆಟ್ಟು ಅದೇ ಹಲ್ಲಿಗೆ ಬೀಳುತ್ತದೆ. ನಾರಿನ ಪದರ ಊದಿಕೊಂಡು ಹಲ್ಲು ಮುಟ್ಟಿದರೆ ನೋಯುತ್ತದೆ.

ಜುಮ್ಮೆನ್ನುವುದರ ಕಾರಣ ಹಲ್ಲಿನ ಒಳಗಿದೆ. ಹೊರಗಿನ ಎನಾಮಲ್‌ಗೆ ನರವಿಲ್ಲ. ಅದರ ಕೆಳಗಿನ ಡೆಂಟಿನ್ ಪದರದಲ್ಲಿ ಕಣ್ಣಿಗೆ ಕಾಣದ ಸಾವಿರಾರು ಕೊಳವೆಗಳಿವೆ, ಕೊಳವೆಗಳಲ್ಲಿ ದ್ರವ ಇದೆ. ತಣ್ಣಗಿನದು ತಾಗಿದರೆ ಆ ದ್ರವ ಅಲುಗಿ ಒಳಗಿನ ನರವನ್ನು ಕೆಣಕುತ್ತದೆ. ಹುಳುಕು ತೆಗೆಯಲು ಕೊರೆದಾಗ ನರ ಮೊದಲೇ ಸ್ವಲ್ಪ ಸಿಡುಕಿರುತ್ತದೆ. ತೂತು ಆಳ ಇದ್ದಷ್ಟೂ ಸಿಡುಕು ಜಾಸ್ತಿ. ಬಿಳಿ ಫಿಲ್ಲಿಂಗ್ ನೀಲಿ ಬೆಳಕಿನಲ್ಲಿ ಗಟ್ಟಿಯಾಗುವಾಗ ಸ್ವಲ್ಪ ಕುಗ್ಗುತ್ತದೆ. ಆಗ ಅಡಿಯಲ್ಲಿ ಸಣ್ಣ ಎಡೆ ಉಳಿದರೆ ಕಚ್ಚಿದಾಗಲೂ ದ್ರವ ಅಲುಗುತ್ತದೆ. ಬೆಳ್ಳಿ ಬಣ್ಣದ ಅಮಾಲ್ಗಂ ಲೋಹವಾದ್ದರಿಂದ ಬಿಸಿ-ತಂಪನ್ನು ಬೇಗ ಒಳಗೆ ದಾಟಿಸುತ್ತದೆ.

ಮೊದಲ ರಾತ್ರಿ

ಇಂಜೆಕ್ಷನ್ನಿನ ಮರಗಟ್ಟು ಸಾಮಾನ್ಯವಾಗಿ 2ರಿಂದ 4 ಗಂಟೆ ಇರುತ್ತದೆ. ಕೆಳದವಡೆಯಲ್ಲಿ ಕೆಲವೊಮ್ಮೆ ಇನ್ನೂ ಸ್ವಲ್ಪ ಜಾಸ್ತಿ. ಅದು ಬಿಡುವವರೆಗೆ ಏನನ್ನೂ ಅಗಿಯಬೇಡಿ. ಬಿಸಿ ಚಹಾ ಕೂಡ ಬೇಡ, ನಾಲಗೆ ಸುಟ್ಟರೂ ಗೊತ್ತಾಗುವುದಿಲ್ಲ. ಮಕ್ಕಳಾದರೆ ಕಣ್ಣಿಟ್ಟಿರಿ. ಮರಗಟ್ಟಿದ ತುಟಿಯನ್ನು ಆಟಕ್ಕೆಂದು ಕಚ್ಚಿ ಗಾಯ ಮಾಡಿಕೊಳ್ಳುತ್ತಾರೆ.

ಯಾವ ಸಿಮೆಂಟು ಹಾಕಿದ್ದು ಎಂದು ಹೊರಡುವ ಮೊದಲೇ ಕೇಳಿ. ನೀಲಿ ಬೆಳಕು ಹಿಡಿದು ಗಟ್ಟಿ ಮಾಡುವ ಬಿಳಿ ಫಿಲ್ಲಿಂಗ್ ಆದರೆ ಅಲ್ಲೇ ಗಟ್ಟಿಯಾಗಿರುತ್ತದೆ. ಅಮಾಲ್ಗಂ ಪೂರ್ತಿ ಗಟ್ಟಿಯಾಗಲು 24 ಗಂಟೆ ಬೇಕು. ಗ್ಲಾಸ್ ಅಯನೊಮರ್ ಎಂಬ ಸಿಮೆಂಟಿಗೂ ಒಂದು ದಿನ ಬಿಡುವು ಕೊಡುವುದು ಒಳ್ಳೆಯದು. ಅಷ್ಟು ಹೊತ್ತು ಇನ್ನೊಂದು ಬದಿಯಲ್ಲಿ ಅಗಿಯಿರಿ. ಹದ ಬಿಸಿಯ ಗಂಜಿ, ನೀರುದೋಸೆ, ಮೆತ್ತಗೆ ಬೇಯಿಸಿದ ಪಲ್ಯ ಸಾಕು.

ಎತ್ತರ ಇದೆಯೇ ಎಂದು ನೋಡುವುದು ಹೇಗೆ

ಮರಗಟ್ಟು ಪೂರ್ತಿ ಬಿಟ್ಟ ಮೇಲೆ ನೇರವಾಗಿ ಕೂತುಕೊಳ್ಳಿ. ಮಲಗಿ ನೋಡಬೇಡಿ, ಮಲಗಿದಾಗ ಕೆಳದವಡೆ ಸ್ವಲ್ಪ ಹಿಂದೆ ಸರಿಯುತ್ತದೆ. ಉಗುಳು ನುಂಗಿ, ತುಟಿ ಸಡಿಲ ಬಿಟ್ಟು, ತುಂಬಾ ನಿಧಾನವಾಗಿ ಬಾಯಿ ಮುಚ್ಚಿ. ಯಾವ ಹಲ್ಲು ಮೊದಲು ತಾಗುತ್ತದೆ? ಎರಡೂ ಬದಿ ಒಟ್ಟಿಗೆ ಸೇರಿದರೆ ಒಳ್ಳೆಯದು. ಫಿಲ್ಲಿಂಗ್ ಹಲ್ಲು ಮೊದಲು ತಾಗಿ, ಉಳಿದವು ಸೇರಲು ದವಡೆಯನ್ನು ಸ್ವಲ್ಪ ಸರಿಸಬೇಕಾಗಿ ಬಂದರೆ ಅದು ಎತ್ತರವೇ.

ಇನ್ನೊಂದು ಪರೀಕ್ಷೆಯನ್ನು ಹೆಚ್ಚಿನವರು ಮಾಡುವುದೇ ಇಲ್ಲ. ಹಲ್ಲು ಸೇರಿಸಿಕೊಂಡೇ ಕೆಳದವಡೆಯನ್ನು ಬಲಕ್ಕೆ, ಎಡಕ್ಕೆ ಮೆಲ್ಲನೆ ಜಾರಿಸಿ. ಅಗಿಯುವಾಗ ನಮ್ಮ ದವಡೆ ಓರೆಯಾಗಿಯೂ ಚಲಿಸುತ್ತದೆ. ನೇರ ಕಚ್ಚಿದರೆ ಸರಿ, ಜಾರಿಸಿದರೆ ತಡೆಯುತ್ತದೆ ಎಂದಾದರೆ ಅದನ್ನೂ ಸರಿ ಮಾಡಿಸಬೇಕು. ಒಂದೆರಡು ಸಲ ನೋಡಿದರೆ ಸಾಕು. ಗಂಟೆಗೊಮ್ಮೆ ಟಕ್ ಟಕ್ ಎಂದು ಬಡಿದು ನೋಡುತ್ತಿದ್ದರೆ ಆ ಬಡಿತದಿಂದಲೇ ಹಲ್ಲು ನೋಯುತ್ತದೆ.

ಬರೀ ಹೊಸತೆನಿಸುವ ಭಾವನೆ ಇದ್ದು ನೋವಿಲ್ಲದಿದ್ದರೆ ಎರಡು ಮೂರು ದಿನ ಕಾಯಬಹುದು. ನಾಲಗೆಗೆ ಹೊಸ ಮೈ ಒರಟು ಎನಿಸುವುದೂ ಉಂಟು. ಆದರೆ ಹಲ್ಲು ಮೊದಲು ತಾಗುತ್ತಿದೆ, ಕಚ್ಚಿದರೆ ನೋವೂ ಇದೆ ಎಂದಾದರೆ ಕಾಯುವುದರಲ್ಲಿ ಅರ್ಥವಿಲ್ಲ. ಸವೆದು ಸರಿಯಾಗಲಿ ಎಂದು ನಮ್ಮಲ್ಲಿ ಕೆಲವರು ಸಾಂತಾಣಿ (ಉಪ್ಪು ಹಾಕಿ ಬೇಯಿಸಿ ಒಣಗಿಸಿದ ಹಲಸಿನ ಬೀಜ) ಅಗಿಯುತ್ತಾರೆ, ಅಡಿಕೆ ಹೋಳು ಕಚ್ಚುತ್ತಾರೆ. ದಯವಿಟ್ಟು ಬೇಡ. ಸಿಮೆಂಟು ಸವೆಯುವ ಮೊದಲು ಹಲ್ಲಿನ ಗೋಡೆಯೇ ಬಿರಿಯಬಹುದು. ಅಡಿಕೆ ನಮ್ಮ ತೋಟದ ಅನ್ನ, ನಿಜ. ಆದರೆ ದೊಡ್ಡ ಫಿಲ್ಲಿಂಗ್ ಇರುವ ಹಲ್ಲಿಗೆ ಅದರಷ್ಟು ಕೆಟ್ಟದ್ದು ಬೇರೆ ಇಲ್ಲ. ಅಡಿಕೆ ಜಗಿಯುವುದು ಕ್ಯಾನ್ಸರಿಗೆ ಕಾರಣ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಹೇಳಿದೆ. ಬಿಡಲು ಹಲ್ಲು ಒಂದು ನೆಪವಾದರೆ ಆಗಲಿ. ಉಗುರಿನ ಅರದಿಂದ ನೀವೇ ಉಜ್ಜಿಕೊಳ್ಳಲಂತೂ ಹೋಗಬೇಡಿ.

ಡಾಕ್ಟರಿಗೆ ಏನು ಹೇಳಬೇಕು

"ನೋಯುತ್ತದೆ" ಎಂದಷ್ಟೇ ಹೇಳಿದರೆ ಯಾವ ಡಾಕ್ಟರಿಗೂ ದಾರಿ ಸಿಗುವುದಿಲ್ಲ. ಹೋಗುವ ಮೊದಲು ಎರಡು ದಿನ ಕ್ಯಾಲೆಂಡರಿನ ಮೂಲೆಯಲ್ಲಾದರೂ ಗುರುತು ಹಾಕಿ. ಏನು ಮಾಡಿದಾಗ ನೋವು? ಎಷ್ಟು ಸೆಕೆಂಡು? ತಾನಾಗಿ ಬರುತ್ತದೆಯೇ? ರಾತ್ರಿ ಎಬ್ಬಿಸುತ್ತದೆಯೇ? "ಗಟ್ಟಿ ರೊಟ್ಟಿ ಕಚ್ಚಿದರೆ ಚುಚ್ಚುತ್ತದೆ, ಬಿಟ್ಟರೆ ನಿಲ್ಲುತ್ತದೆ, ತಣ್ಣೀರಿಗೆ 5 ಸೆಕೆಂಡು ಜುಮ್ಮೆನ್ನುತ್ತದೆ, ರಾತ್ರಿ ಇಲ್ಲ." ಇಷ್ಟು ಸಾಕು. ಇದಕ್ಕಿಂತ ಒಳ್ಳೆಯ ಸಹಾಯ ಡಾಕ್ಟರಿಗೆ ಬೇರೆ ಇಲ್ಲ.

ಕಾಸರಗೋಡಿನ ನಮಗೆ ಇನ್ನೊಂದು ಮಾತು ಸೇರಿಸಬೇಕು. ಡಾಕ್ಟರು ಕೇರಳದ ತೆಂಕಣ ಜಿಲ್ಲೆಯವರಾದರೆ ಕನ್ನಡ, ತುಳು ಬರಲಿಕ್ಕಿಲ್ಲ. ಮನೆಯ ಹಿರಿಯರು ಅಂಥಲ್ಲಿ ಸುಮ್ಮನೆ ತಲೆಯಾಡಿಸಿ ಬಂದುಬಿಡುತ್ತಾರೆ. ನನ್ನ ದೊಡ್ಡಮ್ಮ ಹಾಗೇ ಮಾಡಿದ್ದರು. ಮಲಯಾಳದ ಮೂರು ಮಾತು ಕಲಿತಿರಿ. ಕಚ್ಚುವಾಗ ನೋವಿಗೆ "ಕಡಿಕ್ಕುಂಬೋಳ್ ವೇದನ". ಜುಮ್ಮೆನ್ನುವುದಕ್ಕೆ, ಅಂದರೆ ಹಲ್ಲು ಚಳಿಯುವುದಕ್ಕೆ, ಮಲಯಾಳದಲ್ಲಿ "ಪುಳಿಪ್ಪ್". ಫಿಲ್ಲಿಂಗ್ ಎತ್ತರ ಇದೆ ಎನ್ನಲು "ಪೊಕ್ಕಂ ಕೂಡುದಲ್". ಚೀಟಿಯಲ್ಲಿ ಬರೆದು ಹಿರಿಯರ ಕಿಸೆಯಲ್ಲಿ ಇಟ್ಟು ಕಳಿಸಿದರೂ ಆದೀತು.

ಕುರ್ಚಿಯಲ್ಲಿ ನಡೆಯುವುದು ಇಷ್ಟೇ. ಡಾಕ್ಟರು ಹಲ್ಲನ್ನು ಒಣಗಿಸಿ, ಕಾರ್ಬನ್ ಪೇಪರಿನಂಥ ನೀಲಿಯೋ ಕೆಂಪೋ ತೆಳು ಕಾಗದ ಇಟ್ಟು ಕಚ್ಚಿಸುತ್ತಾರೆ. ಎತ್ತರ ಇದ್ದಲ್ಲಿ ಗಾಢ ಗುರುತು ಬೀಳುತ್ತದೆ. ಅಷ್ಟನ್ನೇ ಸ್ವಲ್ಪ ಉಜ್ಜಿ ಮತ್ತೆ ಕಚ್ಚಿಸುತ್ತಾರೆ. ಇದಕ್ಕೆ ಮರಗಟ್ಟಿಸಬೇಕಿಲ್ಲ. ಮರಗಟ್ಟಿಸದಿದ್ದರೇ ಒಳ್ಳೆಯದು, ನಿಮಗೆ ಸರಿಯಾಗಿ ಗೊತ್ತಾಗುತ್ತದೆ. "ಡಾಕ್ಟ್ರೇ, ಒಮ್ಮೆ ಎದ್ದು ಕೂತು ಕಚ್ಚಿ ನೋಡಲೇ? ಬದಿಗೆ ಜಾರಿಸಿಯೂ ನೋಡಲೇ?" ಎಂದು ಕೇಳಿ. ಅದರಲ್ಲಿ ಸಂಕೋಚ ಏನೂ ಇಲ್ಲ. ಸರಿ ಅನಿಸದೆ "ಸರಿ" ಎನ್ನಬೇಡಿ. ಇದೊಂದನ್ನು ನಾನು ಕಷ್ಟಪಟ್ಟು ಕಲಿತೆ.

ಉಜ್ಜಿದ ಕೂಡಲೇ ಎತ್ತರದ ಭಾವನೆ ಹೋಗುತ್ತದೆ. ನೋವು ಹೋಗಲು ಕೆಲವು ದಿನ ಬೇಕು. ಪೆಟ್ಟು ತಿಂದ ನಾರಿನ ಪದರ ಇಳಿಯಬೇಕಲ್ಲ. ನನಗೆ ಐದನೇ ದಿನ ಆ ಬದಿಯಲ್ಲಿ ಚಪಾತಿ ಅಗಿಯಲಾಯಿತು. ವಾರ ಕಳೆದರೂ ಕಡಿಮೆಯಾಗದಿದ್ದರೆ ಮತ್ತೆ ಹೋಗಿ.

ಜುಮ್ಮೆನ್ನುವಾಗ ಮನೆಯಲ್ಲಿ

ತಣ್ಣಗಿನದಕ್ಕೆ ಜುಮ್ಮೆಂದು ಕೆಲವೇ ಸೆಕೆಂಡಿನಲ್ಲಿ ನಿಂತರೆ ಹೆದರಬೇಡಿ. ಹೆಚ್ಚಿನವರಿಗೆ ಇದು ಕೆಲವು ದಿನಗಳಿಂದ 2-4 ವಾರದೊಳಗೆ ಇಳಿಯುತ್ತದೆ. ದಿನದಿಂದ ದಿನಕ್ಕೆ ಕಡಿಮೆಯಾಗುತ್ತಿದೆಯೇ ಎಂದು ನೋಡುತ್ತಿರಿ.

ಜುಮ್ಮೆನ್ನುವ ಹಲ್ಲಿನ ಪೇಸ್ಟ್ ಅಂಗಡಿಯಲ್ಲಿ ಸಿಗುತ್ತದೆ. ಹಿಂಬದಿಯಲ್ಲಿ ಪೊಟ್ಯಾಸಿಯಂ ನೈಟ್ರೇಟ್ 5% ಎಂದು ಇದೆಯೇ ನೋಡಿ. ಅದು ನರದ ಸಿಡುಕನ್ನು ತಗ್ಗಿಸುತ್ತದೆ, ಆದರೆ ಒಂದೇ ದಿನದಲ್ಲಿ ಅಲ್ಲ. ದಿನಕ್ಕೆ ಎರಡು ಸಲದಂತೆ ಎರಡು ವಾರವಾದರೂ ಬೇಕು. ಮೆತ್ತನೆ ಬ್ರಷ್ಷಿನಲ್ಲಿ ಉಜ್ಜಿ, ಉಗುಳಿ, ಬಾಯಿ ಪೂರ್ತಿ ಮುಕ್ಕಳಿಸದೆ ಬಿಡಿ. 12 ವರ್ಷದೊಳಗಿನ ಮಕ್ಕಳಿಗೆ ಡಾಕ್ಟರನ್ನು ಕೇಳದೆ ಬೇಡ.

ಆಮೇಲೆ ನಮ್ಮ ಊಟ. ಫ್ರಿಜ್ಜಿನಲ್ಲಿಟ್ಟ ಬೊಂಡ (ಎಳನೀರು) ಬೇಡ, ಮರದಿಂದ ಇಳಿಸಿದ ಬೊಂಡ ಆಗಬಹುದು. ಪುನರ್ಪುಳಿ (ಕೋಕಂ) ಶರಬತ್ತು, ಲಿಂಬೆ ನೀರು, ಕಾಟುಮಾವಿನ ಗೊಜ್ಜು, ಮಿಡಿ ಉಪ್ಪಿನಕಾಯಿ ಕೆಲವು ವಾರ ಕಡಿಮೆ ಮಾಡಿ. ಹುಳಿ ಡೆಂಟಿನ್ನಿನ ಕೊಳವೆಗಳ ಬಾಯಿ ತೆರೆಸುತ್ತದೆ. ಪುನರ್ಪುಳಿ ಇಲ್ಲದ ಏಪ್ರಿಲ್ ಕಷ್ಟವೇ, ನನಗೂ ಗೊತ್ತು. ಕುಡಿಯಲೇಬೇಕಾದರೆ ಐಸ್ ಹಾಕದೆ ಕುಡಿದು, ನೀರಿನಿಂದ ಬಾಯಿ ಮುಕ್ಕಳಿಸಿ. ಕೂಡಲೇ ಬ್ರಷ್ ಮಾಡಬೇಡಿ, ಅರ್ಧ ಗಂಟೆಯಾದರೂ ಬಿಡಿ. ಹುಳಿಗೆ ಮೆತ್ತಗಾದ ಎನಾಮಲ್ ಆಗ ಸವೆಯುತ್ತದೆ.

ನೋವಿಗೆ ದೊಡ್ಡವರು ಪ್ಯಾರಾಸಿಟಮಾಲ್ 500 ಮಿಲಿಗ್ರಾಂ ಮಾತ್ರೆ ತೆಗೆದುಕೊಳ್ಳಬಹುದು. ಲಿವರ್ ತೊಂದರೆ ಇರುವವರು, ಬೇರೆ ಮದ್ದು ಮಾಡುತ್ತಿರುವವರು ಕೇಳಿಯೇ ತೆಗೆದುಕೊಳ್ಳಬೇಕು. ಆಸ್ಪಿರಿನ್ ಮಾತ್ರೆಯನ್ನು ಹಲ್ಲಿನ ಬುಡದಲ್ಲಿ ಇಡುವ ಅಭ್ಯಾಸ ಕೆಲವು ಮನೆಗಳಲ್ಲಿದೆ. ಅದರಿಂದ ಒಸಡು ಸುಡುತ್ತದೆ. ಲವಂಗದ ಎಣ್ಣೆಯೂ ನೇರವಾಗಿ ಹಚ್ಚಿದರೆ ಸುಡುತ್ತದೆ. ಒಸಡು ಕೆಂಪಾಗಿದ್ದರೆ ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ಟೀ ಚಮಚ ಉಪ್ಪು ಹಾಕಿ ಮುಕ್ಕಳಿಸಿ. ಆದರೆ ಎತ್ತರದ ಫಿಲ್ಲಿಂಗನ್ನು ಉಪ್ಪುನೀರು ಇಳಿಸುವುದಿಲ್ಲ, ಮಾತ್ರೆಯೂ ಇಳಿಸುವುದಿಲ್ಲ.

ಕಾಯಬಾರದ ಲಕ್ಷಣಗಳು

ತಣ್ಣಗಿನದು ತೆಗೆದ ಮೇಲೂ ನೋವು ಅರ್ಧ ನಿಮಿಷಕ್ಕಿಂತ ಜಾಸ್ತಿ ಉಳಿಯುವುದು, ಏನೂ ತಾಗದೆ ತಾನಾಗಿ ಬರುವುದು, ರಾತ್ರಿ ನಿದ್ದೆಯಿಂದ ಎಬ್ಬಿಸುವುದು, ಬಿಸಿ ಚಹಾಕ್ಕೆ ನೋವು ಏರಿ ತಣ್ಣೀರಿಗೆ ಇಳಿಯುವುದು. ಇವು ಒಳಗಿನ ನರ ಚೇತರಿಸಿಕೊಳ್ಳುತ್ತಿಲ್ಲ ಎಂಬುದರ ಗುರುತು. ಆಗ ಹೆಚ್ಚಾಗಿ ರೂಟ್ ಕೆನಾಲ್ ಬೇಕಾಗುತ್ತದೆ. ಮೊದಲಿನ ಹುಳುಕು ಆಳ ಇದ್ದರೆ ಎಷ್ಟು ಚೆನ್ನಾಗಿ ಸಿಮೆಂಟು ಹಾಕಿದ್ದರೂ ಹೀಗಾಗಬಹುದು, ಎಲ್ಲ ಸಲವೂ ಡಾಕ್ಟರ ತಪ್ಪಲ್ಲ.

ಕಚ್ಚಿದಾಗ ಅಲ್ಲ, ಕಚ್ಚಿ ಬಿಡುವಾಗ ಚುಳ್ ಎಂದರೆ ಹಲ್ಲು ಬಿರುಕು ಬಿಟ್ಟಿರಬಹುದು. ಅದನ್ನು ಬಿಡಿಸಿ ಹೇಳಿ. ಎಕ್ಸ್‌ರೇಯಲ್ಲಿ ಬಿರುಕು ಹೆಚ್ಚಾಗಿ ಕಾಣುವುದಿಲ್ಲ. ಕೆನ್ನೆ ಬಾತರೆ, ಜ್ವರ ಬಂದರೆ, ಕೀವಿನ ರುಚಿ ಬಂದರೆ ಅದೇ ದಿನ ಹೋಗಿ. ನುಂಗಲು ಅಥವಾ ಉಸಿರಾಡಲು ಕಷ್ಟವಾದರೆ ಹಲ್ಲಿನ ಕ್ಲಿನಿಕ್ ಹುಡುಕುತ್ತಾ ಕೂರಬೇಡಿ. ರಾತ್ರಿಯಾದರೂ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೇ ಹೋಗಬೇಕು.

ಎಲ್ಲಿ ಮಾಡಿಸಬೇಕು?

ಮಂಜೇಶ್ವರ, ಉಪ್ಪಳ, ಕುಂಬಳೆ ಕಡೆಯ ಹೆಚ್ಚಿನವರು ದೇರಳಕಟ್ಟೆಗೋ ಮಂಗಳೂರಿಗೋ ಹೋಗುತ್ತಾರೆ. ಅಲ್ಲಿನ ದಂತ ಕಾಲೇಜುಗಳಲ್ಲಿ ಖರ್ಚು ಕಡಿಮೆ, ಭಾಷೆಯ ತೊಂದರೆಯೂ ಇಲ್ಲ. ಆದರೆ ಫಿಲ್ಲಿಂಗ್ ಒಂದೇ ಸಲಕ್ಕೆ ಮುಗಿಯುತ್ತದೆ ಎಂದು ಲೆಕ್ಕ ಹಾಕಬೇಡಿ. ಎತ್ತರ ಸರಿಪಡಿಸಲು ಇನ್ನೊಮ್ಮೆ ಹೋಗಬೇಕಾಗಬಹುದು. 2020ರ ಮಾರ್ಚಿನಲ್ಲಿ ಕೊರೋನಾ ಎಂದು ಕೇರಳ-ಕರ್ನಾಟಕ ಗಡಿಯ ತಲಪಾಡಿಯಲ್ಲಿ ದಾರಿ ಮುಚ್ಚಿದಾಗ ಚಿಕಿತ್ಸೆ ಅರ್ಧಕ್ಕೆ ನಿಂತವರ ಪಾಡು ನಮಗೆಲ್ಲ ನೆನಪಿದೆ. ಮದುವೆ, ಕೋಲ, ಪರೀಕ್ಷೆಯ ಹಿಂದಿನ ದಿನ ಮಾಡಿಸಬೇಡಿ. ಎರಡು ವಾರ ಬಿಡುವಿರುವಾಗ ಮಾಡಿಸಿ.

ಹೊರಡುವಾಗ ಒಂದು ಚೀಟಿ ಕೇಳಿ ಪಡೆಯಿರಿ. ಯಾವ ದಿನ, ಯಾವ ಹಲ್ಲು, ಯಾವ ಸಿಮೆಂಟು, ತೂತು ಎಷ್ಟು ಆಳ ಇತ್ತು. ಹಲ್ಲಿಗೆ ಅಂಕೆ ಬರೆಯುತ್ತಾರೆ. 46 ಎಂದಿದ್ದರೆ ಬಲಗಡೆ ಕೆಳಗಿನ ಮೊದಲ ದೊಡ್ಡ ದವಡೆ ಹಲ್ಲು, 36 ಎಂದರೆ ಎಡಗಡೆಯದು. ಆ ಚೀಟಿಯ ಫೋಟೋ ಮೊಬೈಲಿನಲ್ಲಿ ಇದ್ದರೆ ಕಾಸರಗೋಡಿನಲ್ಲಿ ಹಾಕಿಸಿದ್ದನ್ನು ಮಂಗಳೂರಿನಲ್ಲೂ, ಮಂಗಳೂರಿನಲ್ಲಿ ಹಾಕಿಸಿದ್ದನ್ನು ಬದಿಯಡ್ಕದಲ್ಲೂ ತೋರಿಸಿ ಸರಿ ಮಾಡಿಸಬಹುದು.