ಹಳೇ ಕ್ಯಾಂಪರ್ ವ್ಯಾನಿಗೆ ಹೊಸ ಟೈರ್: ಮೊದಲು ತೂಕ, ಆಮೇಲೆ ಕಂಪನಿ

ನಮ್ಮದು 2002ರ ಡಾಡ್ಜ್ ರ‍್ಯಾಮ್ 3500 ವ್ಯಾನ್. ಒಳಗೆ ಮಂಚ, ಒಲೆ, ಫ್ರಿಜ್, ನೀರಿನ ಟ್ಯಾಂಕ್ ಎಲ್ಲ ಕೂರಿಸಿರುವ ಕ್ಯಾಂಪರ್. ನಾವಿರುವುದು ಅರಿಜೋನಾದ ಫೀನಿಕ್ಸ್ ಹತ್ತಿರ. ವ್ಯಾನ್ ಕೊಂಡಾಗ ಅದರ ಜೊತೆ ಬಂದ ಟೈರ್‌ಗಳು ನೋಡಲು ಚೆನ್ನಾಗಿಯೇ ಇದ್ದವು. ಇಲ್ಲಿ ಗ್ರಿಪ್ಪಿನ ಆಳವನ್ನು ಇಂಚಿನ 32ನೇ ಭಾಗದ ಲೆಕ್ಕದಲ್ಲಿ ಅಳೆಯುತ್ತಾರೆ. ಹೆಚ್ಚಿನ ರಾಜ್ಯಗಳಲ್ಲಿ ಕನಿಷ್ಠ 2 ಇದ್ದರೆ ಸಾಕು. ನಮ್ಮವು 8 ತೋರಿಸುತ್ತಿದ್ದವು. ಇನ್ನೆರಡು ವರ್ಷ ಆರಾಮಾಗಿ ಓಡಿಸಬಹುದು ಎಂದು ಯಾರಾದರೂ ಹೇಳುವಂತಿದ್ದವು.

ಆದರೆ ಕ್ಯಾಂಪರಿನ ಟೈರ್ ಸವೆದು ಹಾಳಾಗುವುದು ಅಪರೂಪ. ಅದು ನಿಂತು ನಿಂತೇ ಹಾಳಾಗುತ್ತದೆ. ರಬ್ಬರ್ ಬಿರುಕು ಬಿಡದಿರಲಿ ಎಂದು ಅದರೊಳಗೆ ಮೇಣದಂಥ ರಾಸಾಯನಿಕ ಸೇರಿಸಿರುತ್ತಾರೆ. ಟೈರ್ ಉರುಳುತ್ತಾ ಬಾಗಿ ಬಳುಕಿದಾಗ ಅದು ಮೇಲ್ಮೈಗೆ ಬರುತ್ತದೆ. ತಿಂಗಳುಗಟ್ಟಲೆ ನಿಂತ ಗಾಡಿಯಲ್ಲಿ ಆ ಕೆಲಸ ನಡೆಯುವುದಿಲ್ಲ. ಜೊತೆಗೆ ಫೀನಿಕ್ಸ್ ಬಿಸಿಲು. ಬೇಸಿಗೆಯಲ್ಲಿ 43 ಡಿಗ್ರಿ ದಾಟುವುದು ಇಲ್ಲಿ ಸುದ್ದಿಯೇ ಅಲ್ಲ.

ಹಾಗಾಗಿ ಮೊದಲು ನೋಡಬೇಕಾದ್ದು ವಯಸ್ಸು. ಟೈರಿನ ಪಕ್ಕದಲ್ಲಿ ಡಿಒಟಿ ಎಂದು ಶುರುವಾಗುವ ಸಂಖ್ಯೆ ಇರುತ್ತದೆ. ಅದರ ಕೊನೆಯ ನಾಲ್ಕು ಅಂಕಿಗಳು ತಯಾರಾದ ವಾರ ಮತ್ತು ವರ್ಷ. 2319 ಎಂದಿದ್ದರೆ 2019ರ 23ನೇ ವಾರ. ಕಿರಿಕಿರಿ ಏನಪ್ಪಾ ಅಂದರೆ, ಪೂರ್ತಿ ಸಂಖ್ಯೆ ಟೈರಿನ ಒಂದು ಬದಿಗೆ ಇದ್ದರೆ ಸಾಕು ಎಂಬ ನಿಯಮ. ಆ ಬದಿ ಒಳಗಡೆ ಹೋಗಿದ್ದರೆ ಮೊಬೈಲ್ ಟಾರ್ಚ್ ಹಿಡಿದು ಗಾಡಿ ಕೆಳಗೆ ಮಲಗಲೇಬೇಕು. ನಾನೂ ಮಲಗಿದೆ. ನಾಲ್ಕೂ ಒಂಬತ್ತು ವರ್ಷ ದಾಟಿದ್ದವು. ಸ್ಟೆಪ್ನಿ ಅದಕ್ಕಿಂತಲೂ ಹಳೆಯದು. ಗಾಡಿ ಕಂಪನಿಗಳಲ್ಲಿ ಕೆಲವು ಆರು ವರ್ಷಕ್ಕೇ ಬದಲಿಸಿ ಅನ್ನುತ್ತವೆ, ಟೈರ್ ಕಂಪನಿಗಳು ಹತ್ತಕ್ಕೆ ಗೆರೆ ಎಳೆಯುತ್ತವೆ. ಈ ಬಿಸಿಲೂರಿನಲ್ಲಿ ಹತ್ತರವರೆಗೆ ಕಾಯುವ ಧೈರ್ಯ ನನಗಿಲ್ಲ.

ಊರಲ್ಲಿ ಲಾರಿ ಇಟ್ಟುಕೊಂಡಿದ್ದ ಸೋದರಮಾವನಿಗೆ ಫೋನ್ ಮಾಡಿದಾಗ ಮಾತು ಟೈರ್ ಕಡೆ ತಿರುಗಿತು. ಯಾವ ಕಂಪನಿಯದು ಒಳ್ಳೇದು ಮಾವ ಅಂದೆ. "ಕಂಪನಿ ಆಮೇಲೆ ನೋಡೋಣ ಕಣೋ. ಹಿಂದ್ಗಡೆ ಎಷ್ಟು ತೂಕ ಬೀಳುತ್ತೆ, ಅದು ಹೇಳು ಮೊದ್ಲು" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಉತ್ತರ ಸಿಗುವುದು ಹೆದ್ದಾರಿ ಪಕ್ಕದ ಟ್ರಕ್ ಸ್ಟಾಪಿನಲ್ಲಿ. ಅಲ್ಲಿ ಕ್ಯಾಟ್ ಸ್ಕೇಲ್ ಎಂಬ ತೂಕದ ಯಂತ್ರ ಇರುತ್ತದೆ. ಟ್ಯಾಂಕಿಗೆ ನೀರು, ಸಿಲಿಂಡರಿಗೆ ಪ್ರೊಪೇನ್, ಡೀಸೆಲ್ ಅಲ್ಲದ ನಮ್ಮ ಗಾಡಿಗೆ ಪೆಟ್ರೋಲ್, ಹಾಸಿಗೆ, ಅಕ್ಕಿ, ಕುಕ್ಕರ್, ಮಕ್ಕಳು ಎಲ್ಲ ತುಂಬಿಕೊಂಡೇ ಹೋದೆ. ಖಾಲಿ ಗಾಡಿ ತೂಗಿದರೆ ಏನೂ ಉಪಯೋಗವಿಲ್ಲ. ಬರೀ 30 ಗ್ಯಾಲನ್ ನೀರೇ 250 ಪೌಂಡ್ ತೂಗುತ್ತದೆ. ಮುಂದಿನ ಚಕ್ರ ಒಂದು ಹಲಗೆ ಮೇಲೆ, ಹಿಂದಿನ ಚಕ್ರ ಇನ್ನೊಂದರ ಮೇಲೆ ಬರುವಂತೆ ನಿಲ್ಲಿಸಬೇಕು. ಒಳಗೆ ಕೂತ ಸಿಬ್ಬಂದಿ ಜೊತೆ ಮಾತಾಡುವ ಗುಂಡಿ ಟ್ರಕ್ಕಿನವರ ಕೈಗೆ ಸಿಗುವ ಎತ್ತರದಲ್ಲಿದೆ. ವ್ಯಾನಿಂದ ಇಳಿದು ತುದಿಗಾಲಲ್ಲಿ ನಿಂತು ಒತ್ತಿದೆ. ಟ್ರಕ್ ನಂಬರ್ ಕೇಳಿದರು. ಸ್ವಂತ ಗಾಡಿ ಅಂದೆ. ಅಷ್ಟೇ, ಒಳಗೆ ಹೋಗಿ ದುಡ್ಡು ಕೊಟ್ಟು ಚೀಟಿ ತಗೊಂಡೆ.

ಮುಂದೆ 3,420 ಪೌಂಡ್, ಹಿಂದೆ 4,960. ಹಿಂದೆ ಎರಡೇ ಚಕ್ರ, ಒಂದೊಂದಕ್ಕೆ 2,480. ಆದರೆ ಗಾಡಿಯ ತೂಕ ಎರಡೂ ಕಡೆ ಸಮ ಇರುವುದಿಲ್ಲ. ನಮ್ಮಲ್ಲಿ ಫ್ರಿಜ್ಜು, ಒಲೆ ಎರಡೂ ಒಂದೇ ಪಕ್ಕ. ನೂರಕ್ಕೆ 52 ಭಾಗ ಆ ಕಡೆ ವಾಲಿದೆ ಅಂದುಕೊಂಡರೂ ಆ ಚಕ್ರದ ಮೇಲೆ 2,580 ಬೀಳುತ್ತದೆ.

ಈಗ ಟೈರಿನ ಕಡೆಯ ಲೆಕ್ಕ. ನಮ್ಮ ಅಳತೆ ಎಲ್‌ಟಿ 225/75 ಆರ್ 16, ಲೋಡ್ ರೇಂಜ್ ಇ. ಎಲ್‌ಟಿ ಅಂದರೆ ಲೈಟ್ ಟ್ರಕ್, ಲೋಡ್ ರೇಂಜ್ ಅಂದರೆ ಟೈರಿನ ಗಟ್ಟಿತನದ ದರ್ಜೆ. ಲೋಡ್ ಇಂಡೆಕ್ಸ್ 115, ಅಂದರೆ ಒಂದು ಟೈರ್ 2,680 ಪೌಂಡ್ ಹೊರುತ್ತದೆ. ಆದರೆ ಅದು 80 ಪಿಎಸ್‌ಐ (ಒತ್ತಡದ ಅಳತೆ) ಗಾಳಿ ಇದ್ದಾಗ ಮಾತ್ರ. ಟೈರ್ ಕಂಪನಿಗಳ ಪಟ್ಟಿ ನೋಡಿ: 75ಕ್ಕೆ 2,560, 70ಕ್ಕೆ 2,440, 65ಕ್ಕೆ 2,335, 50ಕ್ಕೆ ಬರೀ 1,940. ಭಾರ ಹೊರುವುದು ರಬ್ಬರ್ ಅಲ್ಲ, ಒಳಗಿನ ಗಾಳಿ. ನನ್ನ 2,580ಕ್ಕೆ 75 ಸಾಲದು. ಹಿಂದೆ 80 ಹಾಕಲೇಬೇಕು, ಬೇರೆ ದಾರಿಯಿಲ್ಲ. ಮುಂದೆ ಒಂದೊಂದಕ್ಕೆ 1,710, ಪಟ್ಟಿ ಪ್ರಕಾರ 45 ಸಾಕು. ಬ್ರೇಕ್ ಹಾಕಿದಾಗ ಭಾರ ಮುಂದೆ ಬರುತ್ತದಲ್ಲ, ಅದಕ್ಕೆ ನಾನು 55 ಇಡುತ್ತೇನೆ. ಬಾಗಿಲ ಪಕ್ಕ ಗಾಡಿ ಕಂಪನಿ ಅಂಟಿಸಿರುವ ಚೀಟಿಯಲ್ಲಿ ಬರೆದಿರುವುದಕ್ಕಿಂತ ಕಡಿಮೆಗೆ ಯಾವತ್ತೂ ಇಳಿಸುವುದಿಲ್ಲ.

ಇಷ್ಟು ಗೊತ್ತಾದ ಮೇಲೆ ಆಯ್ಕೆ ತಾನಾಗಿಯೇ ಕಿರಿದಾಯಿತು. ಅಗ್ಗದಲ್ಲಿ ಸಿಗುವ ಪಿ 225/75 ಆರ್ 16 ನೋಡಲು ಅದೇ ಅಳತೆ. ಆದರೆ ಅದು ಕಾರಿನ ಟೈರ್. ಲೋಡ್ ಇಂಡೆಕ್ಸ್ 104, ಅಂದರೆ 1,984 ಪೌಂಡ್. ಅದನ್ನೂ ವ್ಯಾನಿಗೆ ಹಾಕುವಾಗ 1.1ರಿಂದ ಭಾಗಿಸಬೇಕು ಎಂಬುದು ಇಲ್ಲಿನ ನಿಯಮ. ಉಳಿಯುವುದು 1,804. ನಮ್ಮ ಹಿಂದಿನ ಚಕ್ರಕ್ಕೆ ಅದು ಯಾವ ಮೂಲೆಗೂ ಸಾಲದು.

ಇನ್ನೊಂದು ಆಸೆ ಇನ್ನಷ್ಟು ಅಗಲದ 245/75 ಹಾಕುವುದು. ಇನ್ನೂ ಜಾಸ್ತಿ ಭಾರ ಹೊರುತ್ತದೆ, ಅದು ನಿಜ. ಇದೇ ಮಾಡೆಲ್ ವ್ಯಾನಿಗೆ ಹಾಕಿಸಿಕೊಂಡವರೂ ಇದ್ದಾರೆ. ಆದರೆ ಎತ್ತರ 29.3 ಇಂಚಿನಿಂದ 30.5ಕ್ಕೆ ಏರುತ್ತದೆ. ಸ್ಪೀಡೋಮೀಟರ್ ನೂರಕ್ಕೆ ನಾಲ್ಕು ಕಡಿಮೆ ತೋರಿಸುತ್ತದೆ. ಸ್ಟೆಪ್ನಿ ಅದರ ಜಾಗದಲ್ಲಿ ಕೂರುತ್ತೋ ಇಲ್ಲವೋ ಅನ್ನುವ ತಲೆನೋವು ಬೇರೆ. ಹಳೇ ಗಾಡಿ, ಹೇಗೆ ಹುಟ್ಟಿತೋ ಹಾಗೇ ಇರಲಿ ಅನಿಸಿತು.

ಕೊನೆಗೆ ತಗೊಂಡಿದ್ದು ಮಿಷಲಿನ್ ಅಜಿಲಿಸ್ ಕ್ರಾಸ್‌ಕ್ಲೈಮೇಟ್. ನಮಗೆ ಉತ್ತರದ ಬೆಟ್ಟದೂರು ಫ್ಲಾಗ್‌ಸ್ಟಾಫ್ ಕಡೆಯ ಹಿಮ ಸಿಗುತ್ತದೆ. ಇದರ ಮೇಲೆ ಬೆಟ್ಟದೊಳಗೆ ಹಿಮದ ಹರಳಿರುವ ಗುರುತು ಇದೆ, ಅಂದರೆ ಹಿಮದ ಪರೀಕ್ಷೆ ಪಾಸಾದ ಟೈರ್. ಪಕ್ಕದ ಗೋಡೆ ಕರ್ಬಿಗೆ ಉಜ್ಜಿದರೆ ತಡೆಯಲು ಉಬ್ಬುಗಳೂ ಇವೆ. ದೊಡ್ಡ ಬ್ಲಾಕ್ ಇರುವ ಆಲ್ ಟೆರೇನ್ ಟೈರ್ ನೋಡಲು ಗತ್ತು. ಆದರೆ ನಾವು ಓಡುವುದು ಬಹುಪಾಲು ಡಾಂಬರಿನ ಮೇಲೆ. ದಿನವಿಡೀ ಆ ಗುಂಯ್ ಸದ್ದು ಯಾರು ಕೇಳುತ್ತಾರೆ? ಸ್ಟೆಪ್ನಿ ಸೇರಿ ಐದು ತಗೊಂಡೆ. ಸಾವಿರ ಡಾಲರ್ ದಾಟಿತು. ಮಾವನಿಗೆ ಹೇಳಿದರೆ "ಅಷ್ಟಕ್ಕೆ ಇಲ್ಲಿ ಒಂದು ಎಮ್ಮೆ ಬರ್ತಿತ್ತಲ್ಲೋ" ಅಂದರು.

ಅಂಗಡಿಯಲ್ಲಿ ಎರಡು ವಿಷಯ ಮೊದಲೇ ಹೇಳಿಬಿಡಬೇಕು. ಒಂದು, ರಿಮ್ಮಿಗೆ ಏರಿಸುವ ಮುಂಚೆ ಐದರ ತಾರೀಕನ್ನೂ ತೋರಿಸಿ ಅನ್ನಿ. ಗೋದಾಮಿನಲ್ಲಿ ಎರಡು ಮೂರು ವರ್ಷ ಕೂತ ಟೈರಿಗೆ ಹೊಸದರ ಬೆಲೆ ಯಾಕೆ ಕೊಡಬೇಕು, ಅಲ್ವಾ? ಇನ್ನೊಂದು ವಾಲ್ವ್. ಕಾರಿಗೆ ಹಾಕುವ ಮಾಮೂಲಿ ರಬ್ಬರ್ ವಾಲ್ವ್ ತಡೆಯುವುದು 65 ಪಿಎಸ್‌ಐವರೆಗೆ. 80 ಹಾಕುವ ಚಕ್ರಕ್ಕೆ ನಟ್ಟು ಬಿಗಿಯುವ ಲೋಹದ ವಾಲ್ವಿನಂಥ, ಅಷ್ಟು ಒತ್ತಡ ತಡೆಯುವಂಥದ್ದು ಬೇಕು. ನಾನು ಹೇಳಿದ ಮೇಲೆ ಒಳಗಿಂದ ಹುಡುಕಿ ತಂದರು. ಇಷ್ಟೆಲ್ಲ ಆಗಿ ಗಾಡಿ ಹೊರಗೆ ಬಂದಾಗ ಗೇಜ್ ಹಾಕಿ ನೋಡಿದರೆ ನಾಲ್ಕಕ್ಕೂ 50 ಹಾಕಿದ್ದರು! ಹಿಂದಿನ ಎರಡಕ್ಕೆ 80, ಮುಂದಿನ ಎರಡಕ್ಕೆ 55 ಅಲ್ಲೇ ಹಾಕಿಸಿಕೊಂಡೆ. ನೂರು ಮೈಲಿಯೊಳಗೆ ಚಕ್ರದ ನಟ್‌ಗಳನ್ನು ಟಾರ್ಕ್ ರೆಂಚಿನಲ್ಲಿ ಮತ್ತೆ ನೋಡಬೇಕು, ಅದನ್ನೂ ಮಾಡಿದೆ.

ಗಾಳಿ ನೋಡುವುದು ಯಾವಾಗಲೂ ಬೆಳಿಗ್ಗೆ, ಗಾಡಿ ಕದಲುವ ಮೊದಲು. ಫೀನಿಕ್ಸಿನಿಂದ ಐ-17 ಹೆದ್ದಾರಿ ಹಿಡಿದು ಫ್ಲಾಗ್‌ಸ್ಟಾಫ್ ಹತ್ತಿದರೆ ಸುಮಾರು 1,100 ಅಡಿಯಿಂದ 7,000 ಅಡಿಗೆ ಏರುತ್ತೇವೆ. ಮಧ್ಯಾಹ್ನ ಮೇಲೆ ಮುಟ್ಟಿದಾಗ ಗೇಜ್ 90ರ ಹತ್ತಿರ ತೋರಿಸಬಹುದು. ಗಾಬರಿಯಾಗಿ ಗಾಳಿ ಬಿಡಬಾರದು. ಮಾರನೇ ಬೆಳಿಗ್ಗೆ ಚಳಿಗೆ ಅದು ತಾನೇ ಇಳಿಯುತ್ತದೆ. ಈ ಒತ್ತಡದಲ್ಲಿ ಪ್ರತಿ 10 ಡಿಗ್ರಿ ಫ್ಯಾರನ್‌ಹೀಟಿಗೆ ಎರಡು ಪಿಎಸ್‌ಐ ಹತ್ತಿರ ಹೋಗುತ್ತದೆ. ಎತ್ತರದಲ್ಲಿ ಹೊರಗಿನ ಗಾಳಿಯ ಒತ್ತಡ ಕಡಿಮೆ, ಹಾಗಾಗಿ ಗೇಜಿನಲ್ಲಿ ಎರಡು ಮೂರು ವಾಪಸ್ ಸಿಗುತ್ತದೆ, ಅಷ್ಟೇ. ಆದ್ದರಿಂದ ಮೇಲೆ ರಾತ್ರಿ ತಂಗಿದರೆ ಬೆಳಿಗ್ಗೆ ತುಂಬಿಸಿಕೊಳ್ಳುವುದೇ ಜಾಸ್ತಿ. ಸಿಗರೇಟ್ ಲೈಟರಿಗೆ ಸಿಕ್ಕಿಸುವ ಪುಟ್ಟ ಪಂಪ್ 80ರ ಹತ್ತಿರ ಬರುವಷ್ಟರಲ್ಲಿ ಏದುಸಿರು ಬಿಡುತ್ತದೆ. ಬ್ಯಾಟರಿಗೇ ಕ್ಲಿಪ್ ಹಾಕುವಂಥ ದೊಡ್ಡದನ್ನು ಇಟ್ಟುಕೊಳ್ಳಿ.